ನ್ಯುಮೋನಿಯಾ ರೋಗವೂ ಶಾಸ್ತ್ರಜ್ಞರ ಶೋಧನೆಯೂ

ಪ್ಲೇಗು ಬಂದಿತೆಂದರೆ ಊರಿಗೆ ಊರೇ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ವಾಸಮಾಡುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದರು. ಕಾಲರಾ ಸುದ್ದಿ ಹಬ್ಬಿತೆಂದರೆ ಇಂದಿಗೂ ಪುರಸಭೆಯವರು ಎಚ್ಚತ್ತು ನೀರಿನ ತೊಟ್ಟಿಗಳಿಗೆ ಔಷಧ ಹಾಕಿಸುತ್ತಾರೆ. ೨೦೨೦ನೆಯ ಇಸವಿಯಲ್ಲಿ ಕೊರೋನಾ ಎಂಬ ಹೊಸ ಪಿಡುಗು ಬಂದು ಲೋಕದ ಅಂಗಡಿ ಬಾಗಿಲುಗಳನ್ನೆಲ್ಲ ಮುಚ್ಚಿಸಿದುದು ಯಾರಿಗೂ ಮರೆತಿಲ್ಲ. ಡಂಗುರ ಹೊಡೆದುಕೊಂಡು ಬರುವ ರೋಗಕ್ಕೆ ಮನುಷ್ಯನು ಅಂಜುತ್ತಾನೆ. ವರ್ಷವರ್ಷವೂ ಸದ್ದಿಲ್ಲದೆ ಬಂದು ತೊಟ್ಟಿಲುಗಳನ್ನು ಬರಿದುಮಾಡಿ ಹೋಗುವ ರೋಗಕ್ಕೆ ಅಂಜುವುದಿಲ್ಲ. ನ್ಯುಮೋನಿಯಾ ಅಂಥ ರೋಗ. ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕದ ಪ್ರಕಾರ ೨೦೧೯ನೆಯ ಒಂದೇ ವರ್ಷದಲ್ಲಿ ಐದು ವರ್ಷ ತುಂಬದ ೭,೪೦,೧೮೦ ಮಕ್ಕಳು ಇದರಿಂದ ಅಸುನೀಗಿದರು. ಆ ವಯಸ್ಸಿನಲ್ಲಿ ಮಡಿದ ಮಕ್ಕಳ ಪೈಕಿ ಇವರು ನೂರಕ್ಕೆ ೧೪ ಮಂದಿ. ದಿನವೊಂದಕ್ಕೆ ಎರಡು ಸಾವಿರಕ್ಕೂ ಮೇಲೆ ಬಿತ್ತು. ಇಷ್ಟು ಜೀವಗಳನ್ನು ಒಂದು ಯುದ್ಧವು ನುಂಗಿದ್ದರೆ ಪತ್ರಿಕೆಗಳ ಮೊದಲನೆಯ ಪುಟ ಸಾಲುತ್ತಿರಲಿಲ್ಲ.

ಈ ರೋಗದ ವಿಷಯವಾಗಿ ಇಂದು ಕೊಂಚ ವಿಸ್ತಾರವಾಗಿಯೇ ಬರೆಯುವುದಕ್ಕೆ ಕಾರಣವುಂಟು. ಇದರ ಮುಖ್ಯ ಕ್ರಿಮಿಯನ್ನು ಹಿಡಿದು ಸುಮಾರು ನೂರನಲವತ್ತು ವರ್ಷಗಳಿಂದ ನಡೆದಿರುವ ಶೋಧನೆಯು ವೈದ್ಯಶಾಸ್ತ್ರವನ್ನು ಮಾತ್ರವಲ್ಲದೆ ಜೀವಶಾಸ್ತ್ರದ ತಳಹದಿಯನ್ನೇ ಬದಲಾಯಿಸಿರುತ್ತದೆ. ತಂದೆತಾಯಿಗಳ ಗುಣವು ಮಕ್ಕಳಿಗೆ ಯಾವ ವಸ್ತುವಿನ ಮೂಲಕ ಇಳಿದುಬರುತ್ತದೆಂಬ ಪ್ರಶ್ನೆಗೆ ಮೊಟ್ಟಮೊದಲ ಗಟ್ಟಿಯಾದ ಉತ್ತರ ದೊರೆತದ್ದು ಈ ಕ್ರಿಮಿಯಿಂದಲೇ ಎಂಬುದನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಬಲ್ಲರೋ ಕಾಣೆವು. ಹೀಗೆ ಲೋಕಕ್ಕೆಲ್ಲ ಬೆಳಕು ಕೊಟ್ಟ ವಿದ್ಯೆಯು ಲೋಕದ ಬಡವರ ಮಕ್ಕಳ ತೊಟ್ಟಿಲಿನವರೆಗೆ ಬಂದು ಮುಟ್ಟಲು ಮಾತ್ರ ಬಹಳ ತಡವಾಯಿತು. ಆ ತಡದ ಕಥೆಯೂ ಈ ಶೋಧನೆಯ ಕಥೆಗೆ ಸೇರಿದ್ದೇ.

ಮನುಷ್ಯನ ಶ್ವಾಸಕೋಶವೆಂಬುದು ಸುಮಾರು ಮೂವತ್ತರಿಂದ ಐವತ್ತು ಕೋಟಿ ಅತಿ ಚಿಕ್ಕ ಗಾಳಿಗೂಡುಗಳ ರಾಶಿ. ಒಂದೊಂದು ಗೂಡಿನ ಗೋಡೆಯೂ ಈರುಳ್ಳಿಯ ಒಳಪೊರೆಗಿಂತ ತೆಳುವಾದುದು. ಗೋಡೆಯ ಈಚೆ ಗಾಳಿ, ಆಚೆ ರಕ್ತ. ಪ್ರಾಣವಾಯುವು ಆ ಪೊರೆಯನ್ನು ದಾಟಿ ರಕ್ತಕ್ಕೆ ಸೇರುತ್ತದೆ. ಗಾಳಿಯಿರಬೇಕಾದ ಆ ಗೂಡುಗಳಲ್ಲಿ ಕೀವೂ ನೀರೂ ರಕ್ತಕಣಗಳೂ ತುಂಬಿಕೊಳ್ಳುವುದಕ್ಕೆ ನ್ಯುಮೋನಿಯಾ ಎಂದು ಹೆಸರು. ಶವಪರೀಕ್ಷೆಮಾಡಿದ ಹಳೆಯ ವೈದ್ಯರು, ಸ್ಪಂಜಿನಂತಿರಬೇಕಾದ ಪುಪ್ಪುಸವು ಯಕೃತ್ತಿನಂತೆ ಗಟ್ಟಿಯಾಗಿ ಕೆಂಪಗೂ ಆಮೇಲೆ ಬೂದುಬಣ್ಣಕ್ಕೂ ತಿರುಗಿರುವುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾರೆ. ಒಂದೇ ಕ್ರಿಮಿಯಿಂದ ಈ ಸ್ಥಿತಿ ಬರುವುದೆಂದು ತಿಳಿಯಕೂಡದು. ಬ್ಯಾಕ್ಟೀರಿಯಾಗಳಿಂದಲೂ ಬರುವುದು, ವೈರಸುಗಳಿಂದಲೂ ಬರುವುದು, ಕೆಲವು ಬೂಷ್ಟುಗಳಿಂದಲೂ ಬರುವುದು. ಆದರೆ ಇವುಗಳಲ್ಲೆಲ್ಲ ಪಟ್ಟದಾನೆಯಂಥದು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯ.

ಈ ಕ್ರಿಮಿಯ ದರ್ಶನವಾದದ್ದು ೧೮೮೧ರಲ್ಲಿ. ವಿನೋದವೇನೆಂದರೆ, ಅದನ್ನು ಹುಡುಕಿದವರಿಬ್ಬರೂ ನ್ಯುಮೋನಿಯಾವನ್ನು ಹುಡುಕುತ್ತಿರಲಿಲ್ಲ. ಪ್ಯಾರಿಸಿನಲ್ಲಿ ಲೂಯಿ ಪಾಶ್ಚರನು ಹುಚ್ಚುನಾಯಿಯ ರೋಗದಿಂದ ಸತ್ತ ಮಗುವೊಂದರ ಜೊಲ್ಲನ್ನು ಮೊಲಗಳಿಗೆ ಚುಚ್ಚಿದಾಗ ಅವು ಸತ್ತವು. ಅವುಗಳ ರಕ್ತದಲ್ಲಿ ಜೋಡಿಜೋಡಿಯಾದ ಕ್ರಿಮಿಗಳಿದ್ದವು. ಅದೇ ಕಾಲಕ್ಕೆ ಅಮೆರಿಕದ ಸೈನ್ಯದ ವೈದ್ಯನಾದ ಜಾರ್ಜ್ ಸ್ಟರ್ನ್‌ಬರ್ಗನು, ಆರೋಗ್ಯವಂತನಾದ ತನ್ನ ಉಗುಳನ್ನೇ ಮೊಲಗಳಿಗೆ ಚುಚ್ಚಿ ಅದೇ ಕ್ರಿಮಿಯನ್ನು ಕಂಡನು. ಕೊಲ್ಲುವ ಕ್ರಿಮಿಯು ಕಾಯಿಲೆಯಿಲ್ಲದವನ ಬಾಯಿಯಲ್ಲಿಯೂ ನೆಮ್ಮದಿಯಿಂದ ವಾಸವಾಗಿರುತ್ತದೆಂಬ ಮಾತು ಹೀಗೆ ಮೊದಲ ದಿನವೇ ಗೊತ್ತಾಯಿತು. ನಮ್ಮ ಮನೆಗಳ ಎಳೆಯ ಮಕ್ಕಳ ಮೂಗಿನಲ್ಲಿ ಇದು ಬಾಡಿಗೆದಾರನಂತೆ ಬಂದು ಕೆಲವು ವಾರ ಇದ್ದು ಹೋಗುತ್ತಿರುತ್ತದೆ. ಸಾಮಾನ್ಯವಾಗಿ ಕೇಡೇನೂ ಆಗುವುದಿಲ್ಲ. ನೆಗಡಿಯ ವೈರಸೋ, ಫ್ಲೂ ಜ್ವರವೋ, ಒಲೆಯ ಹೊಗೆಯೋ, ಹೊಟ್ಟೆಗಿಲ್ಲದ ಬಳಲಿಕೆಯೋ ಶ್ವಾಸನಾಳದ ಕಾವಲನ್ನು ಸಡಿಲಿಸಿದಾಗ ಅದು ಕೆಳಗಿಳಿದು ಗಾಳಿಗೂಡುಗಳನ್ನು ಹಿಡಿಯುತ್ತದೆ. ೧೯೧೮ರ ಮಹಾ ಇನ್ಫ್ಲುಯೆಂಜಾದಲ್ಲಿ ಹಿಂದೂದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರಷ್ಟೆ. ಆ ಕಾಲದಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನೂ ಶವಪರೀಕ್ಷೆಯ ದಾಖಲೆಗಳನ್ನೂ ಅಮೆರಿಕದ ವಿದ್ವಾಂಸರು ಮತ್ತೆ ಪರಿಶೀಲಿಸಿ, ಹೆಚ್ಚಿನ ಸಾವುಗಳಿಗೆ ಕಾರಣ ಫ್ಲೂ ವೈರಸಿನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾವೇ ಎಂದು ೨೦೦೮ರಲ್ಲಿ ತೋರಿಸಿಕೊಟ್ಟರು. ಬಾಗಿಲು ಮುರಿದವನೊಬ್ಬ, ಮನೆ ದೋಚಿದವನು ಇನ್ನೊಬ್ಬ.

ಈ ಕ್ರಿಮಿಯ ಸಾಮರ್ಥ್ಯವೆಲ್ಲ ಅದರ ಮೇಲುಹೊದಿಕೆಯಲ್ಲಿದೆ. ಸಕ್ಕರೆಯ ಜಾತಿಗೆ ಸೇರಿದ ಉದ್ದುದ್ದನೆಯ ಸರಪಣಿಗಳಿಂದಾದ ಲೋಳೆಯ ಹೊದಿಕೆಯೊಂದನ್ನು ಅದು ತನ್ನ ಸುತ್ತಲೂ ನೆಯ್ದುಕೊಂಡಿರುತ್ತದೆ. ನಮ್ಮ ರಕ್ತದ ಬಿಳಿಯ ಕಣಗಳು ಪರಕೀಯ ಕ್ರಿಮಿಗಳನ್ನು ಹಿಡಿದು ನುಂಗತಕ್ಕವು. ಆದರೆ ಮೈಗೆ ಎಣ್ಣೆ ಸವರಿಕೊಂಡ ಕಳ್ಳನು ಕಾವಲುಗಾರನ ಕೈಯಿಂದ ಜಾರಿಕೊಳ್ಳುವಂತೆ ಈ ಕ್ರಿಮಿಯು ಅವುಗಳಿಂದ ಜಾರಿಕೊಳ್ಳುತ್ತದೆ. ದೇಹವು ಆ ಹೊದಿಕೆಗೆ ಸರಿಯಾಗಿ ಅಂಟತಕ್ಕ ಪ್ರತಿಕಾಯವೆಂಬ ವಸ್ತುವನ್ನು ಸಿದ್ಧಪಡಿಸಿಕೊಂಡಾಗಲೇ ಕಳ್ಳನು ಕೈಗೆ ಸಿಗುವುದು. ಔಷಧವಿಲ್ಲದ ಕಾಲದಲ್ಲಿ ಏಳೆಂಟು ದಿನ ಜ್ವರ ಏರಿ ಒಂದು ರಾತ್ರಿ ಮೈಯೆಲ್ಲ ಬೆವತು, ರೋಗಿಯು ಇತ್ತ ಇಲ್ಲವೆ ಅತ್ತ ಎಂದಾಗುತ್ತಿದ್ದುದು ಇದರಿಂದಲೇ. ಪ್ರತಿಕಾಯವು ಹೊತ್ತಿಗೆ ಬಂದರೆ ರೋಗಿ ಬದುಕಿದ, ಬಾರದಿದ್ದರೆ ಇಲ್ಲ.

ಇಷ್ಟರಲ್ಲಿಯೇ ಕಥೆ ಮುಗಿದಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೆ ಈ ಹೊದಿಕೆಯು ಒಂದೇ ಬಗೆಯದಲ್ಲ. ಬರ್ಲಿನ್ನಿನ ನೊಯ್‌ಫೆಲ್ಡನು ೧೯೦೨ರಲ್ಲಿ, ತಕ್ಕ ಪ್ರತಿಕಾಯವನ್ನು ಬೆರೆಸಿದರೆ ಹೊದಿಕೆಯು ಉಬ್ಬಿದಂತೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆಂದು ಕಂಡುಕೊಂಡ ಮೇಲೆ, ಒಂದೊಂದು ಜಾತಿಯ ಹೊದಿಕೆಗೂ ಬೇರೆ ಬೇರೆ ಪ್ರತಿಕಾಯ ಬೇಕೆಂಬುದು ಗೊತ್ತಾಯಿತು. ಮೊದಲು ಎರಡು ಮೂರು ಜಾತಿಗಳೆಂದಿದ್ದರು. ಈಗ ನೂರನ್ನೂ ಮೀರಿವೆ. ಒಂದನೆಯ ಜಾತಿಗೆ ಒದಗಿದ ರಕ್ಷೆಯು ಮೂರನೆಯ ಜಾತಿಯ ಮುಂದೆ ನಿಷ್ಪ್ರಯೋಜಕ. ಒಂದೇ ಮನೆತನದ ನೂರು ಮಂದಿ ನೂರು ವೇಷ ಹಾಕಿಕೊಂಡು ಬಂದಂತೆ.

ಇದರ ವಿರುದ್ಧ ಮೊದಲ ಚುಚ್ಚುಮದ್ದಿನ ಪ್ರಯತ್ನ ನಡೆದದ್ದು ಎಲ್ಲಿ ಎಂಬುದನ್ನು ಹೇಳದೆ ಮುಂದುವರಿಯುವುದು ನಮಗೆ ಸರಿದೋರುವುದಿಲ್ಲ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ, ಬಿಸಿಲಿನ ಸೀಮೆಗಳಿಂದ ಕರೆತಂದ ಕರಿಯ ಕೂಲಿಗಳು ನ್ಯುಮೋನಿಯಾದಿಂದ ಹುಳುಗಳಂತೆ ಸಾಯುತ್ತಿದ್ದರು. ಕೂಲಿಗಳ ಹಟ್ಟಿಗಳಲ್ಲಿ ಒತ್ತೊತ್ತಾಗಿ ಮಲಗಿಸುವುದನ್ನು ತಪ್ಪಿಸುವುದಕ್ಕಿಂತ ಒಂದು ಚುಚ್ಚುಮದ್ದು ಅಗ್ಗವಾದೀತೆಂದು ಗಣಿಯ ಒಡೆಯರು ಲಂಡನ್ನಿನಿಂದ ಸರ್ ಆಲ್ಮ್ರೋತ್ ರೈಟನನ್ನು ಕರೆಸಿದರು; ೧೯೧೧ರಲ್ಲಿ ಅವನು ಸಾವಿರಾರು ಕೂಲಿಗಳಿಗೆ ಸತ್ತ ಕ್ರಿಮಿಗಳನ್ನು ಚುಚ್ಚಿದನು. ಜಾತಿಭೇದವನ್ನು ಎಣಿಸದೆ ಮಾಡಿದ್ದರಿಂದ ಫಲ ನಿಶ್ಚಯವಾಗಲಿಲ್ಲ. ಮುಂದೆ ೧೯೭೦ರ ದಶಕದಲ್ಲಿ ರಾಬರ್ಟ್ ಆಸ್ಟ್ರಿಯನ್ ಎಂಬ ಅಮೆರಿಕದ ವೈದ್ಯನ ಚುಚ್ಚುಮದ್ದನ್ನು ಪರೀಕ್ಷಿಸಿದ್ದೂ ಅದೇ ಗಣಿಗಳಲ್ಲಿಯೇ. ಶೋಧನೆಯ ಫಲವನ್ನು ಇಂದು ಉಣ್ಣುವವರು, ಆ ಪರೀಕ್ಷೆಗೆ ತೋಳು ಕೊಟ್ಟವರು ಯಾರೆಂಬುದನ್ನು ತಿಳಿದಿರುವುದು ನ್ಯಾಯ.

ಈಗ ನಾವು ಮೇಲೆ ಸೂಚಿಸಿದ ದೊಡ್ಡ ಶೋಧನೆಗೆ ಬರೋಣ. ಲಂಡನ್ನಿನ ಆರೋಗ್ಯ ಮಂತ್ರಿಶಾಖೆಯ ಪ್ರಯೋಗಶಾಲೆಯಲ್ಲಿ ಫ್ರೆಡರಿಕ್ ಗ್ರಿಫಿತ್ ಎಂಬ ಮಿತಭಾಷಿಯಾದ ಅಧಿಕಾರಿಯೊಬ್ಬನಿದ್ದನು. ರೋಗಿಗಳ ಕಫದಲ್ಲಿ ಯಾವ ಯಾವ ಜಾತಿಯ ಕ್ರಿಮಿಗಳಿವೆಯೆಂದು ಎಣಿಸಿ ಬರೆದಿಡುವುದು ಅವನ ಸರಕಾರಿ ಕೆಲಸ. ನಮ್ಮ ಕಚೇರಿಗಳ ಭಾಷೆಯಲ್ಲಿ ಹೇಳುವುದಾದರೆ ಒಂದು ರಿಜಿಸ್ಟರು ತುಂಬಿಸುವ ಕೆಲಸ. ಒಬ್ಬನೇ ರೋಗಿಯ ಕಫದಲ್ಲಿ ಒಂದೇ ಕಾಯಿಲೆಯ ಅವಧಿಯಲ್ಲಿ ನಾಲ್ಕಾರು ಜಾತಿಗಳು ಕಾಣಿಸಿಕೊಳ್ಳುವುದನ್ನು ಅವನು ಗಮನಿಸಿದನು. ಇವೆಲ್ಲ ಹೊರಗಿನಿಂದ ಒಂದೊಂದಾಗಿ ಬಂದವೆ, ಇಲ್ಲವೆ ಒಂದೇ ಕ್ರಿಮಿಯು ರೂಪ ಬದಲಾಯಿಸಿತೆ? ರಿಜಿಸ್ಟರು ತುಂಬಿಸುವವರೆಲ್ಲರಿಗೂ ಇಂಥ ಪ್ರಶ್ನೆ ಹೊಳೆಯುವುದಿಲ್ಲ.

ಅವನು ಮಾಡಿದ ಪ್ರಯೋಗ ಇದು. ಹೊದಿಕೆಯಿರುವ ಕ್ರಿಮಿಯು ಇಲಿಯನ್ನು ಕೊಲ್ಲುತ್ತದೆ. ಹೊದಿಕೆಯನ್ನು ಕಳೆದುಕೊಂಡ ಕ್ರಿಮಿಯು ಕೊಲ್ಲಲಾರದು. ಹೊದಿಕೆಯಿರುವ ಕ್ರಿಮಿಯನ್ನೇ ಕಾಯಿಸಿ ಸಾಯಿಸಿ ಚುಚ್ಚಿದರೆ ಅದೂ ಕೊಲ್ಲಲಾರದು. ಇಷ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಗ್ರಿಫಿತನು ಹೊದಿಕೆಯಿಲ್ಲದ, ಎರಡನೆಯ ಜಾತಿಯಿಂದ ಬಂದ ಜೀವಂತ ಕ್ರಿಮಿಗಳನ್ನೂ, ಕಾಯಿಸಿ ಸಾಯಿಸಿದ ಮೂರನೆಯ ಜಾತಿಯ ಹೊದಿಕೆಯುಳ್ಳ ಕ್ರಿಮಿಗಳನ್ನೂ ಒಟ್ಟಿಗೆ ಚುಚ್ಚಿದನು. ಒಂದು ನಿರಪಾಯಕಾರಿ, ಇನ್ನೊಂದು ಹೆಣ. ಆದರೂ ಇಲಿಗಳು ಸತ್ತವು. ಅವುಗಳ ರಕ್ತವನ್ನು ತೆಗೆದು ನೋಡಿದರೆ ಅದರಲ್ಲಿ ಮೂರನೆಯ ಜಾತಿಯ ಹೊದಿಕೆ ಹೊದ್ದ ಜೀವಂತ ಕ್ರಿಮಿಗಳು! ಸತ್ತವು ಎದ್ದುಬಂದಿರಲಿಲ್ಲ, ಬದುಕಿದ್ದವು ಸತ್ತವರ ಅಂಗಿಯನ್ನು ತೊಟ್ಟುಕೊಂಡಿದ್ದವು. ಅಷ್ಟೇ ಆಗಿದ್ದರೆ ಒಂದು ವಿಚಿತ್ರವೆಂದು ಬಿಡಬಹುದಾಗಿತ್ತು. ಆದರೆ ಆ ಕ್ರಿಮಿಗಳ ಮಕ್ಕಳೂ ಮೊಮ್ಮಕ್ಕಳೂ ಅದೇ ಹೊಸ ಹೊದಿಕೆಯನ್ನು ನೆಯ್ಯುತ್ತ ಹೋದವು. ಅಂಗಿಯನ್ನು ಮಾತ್ರವಲ್ಲ, ಅಂಗಿ ನೆಯ್ಯುವ ವಿದ್ಯೆಯನ್ನೇ ಹೆಣದಿಂದ ಪಡೆದಿದ್ದವು. ಇದು ೧೯೨೮ರ ಜನವರಿಯಲ್ಲಿ ಪ್ರಕಟವಾಯಿತು.

ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆಯಲ್ಲಿ ನ್ಯುಮೋನಿಯಾಕ್ಕಾಗಿಯೇ ಜೀವಮಾನವನ್ನು ಸವೆಸುತ್ತಿದ್ದ ಆಸ್ವಾಲ್ಡ್ ಏವರಿಯು ಮೊದಲು ಇದನ್ನು ನಂಬಲಿಲ್ಲ. ಹೊದಿಕೆಯು ಸಕ್ಕರೆಯ ಜಾತಿಯದೆಂದು ಹೈಡೆಲ್‌ಬರ್ಗರನೊಡನೆ ೧೯೨೩ರಲ್ಲಿ ತೋರಿಸಿದವನೇ ಅವನು. ಜಾತಿಯಿಂದ ಜಾತಿಗೆ ಕ್ರಿಮಿ ಬದಲಾಗುವುದೆಂದರೆ ಅವನಿಗೆ ಹೇಗೆ ಒಪ್ಪಿಗೆಯಾದೀತು? ಆದರೆ ಅವನ ಪ್ರಯೋಗಶಾಲೆಯವರೇ ಅದನ್ನು ಮತ್ತೆ ಮಾಡಿ ನಿಜವೆಂದು ಕಂಡರು. ಇಲಿಯ ಹಂಗಿಲ್ಲದೆ ಗಾಜಿನ ಕೊಳವೆಯಲ್ಲಿಯೂ ಮಾಡಿದರು. ಕ್ರಿಮಿಯನ್ನು ಬಿಟ್ಟು ಅದರ ಸಾರದಿಂದಲೇ ಮಾಡಿದರು. ಆ ಸಾರದಲ್ಲಿ ಈ ವಿದ್ಯೆಯನ್ನು ಹೊತ್ತ ವಸ್ತು ಯಾವುದು? ಕಾಲಿನ್ ಮೆಕ್ಲಿಯಡ್, ಮೆಕ್ಲಿನ್ ಮೆಕಾರ್ಟಿ ಇವರನ್ನು ಕೂಡಿಕೊಂಡು ಏವರಿಯು ವರ್ಷಗಟ್ಟಲೆ ಆ ಸಾರವನ್ನು ಶೋಧಿಸಿದನು. ಪ್ರೋಟೀನುಗಳನ್ನು ಜೀರ್ಣಿಸಿ ತೆಗೆದರೂ ಶಕ್ತಿ ಹೋಗಲಿಲ್ಲ, ಸಕ್ಕರೆಯ ಹೊದಿಕೆಯನ್ನು ಕರಗಿಸಿದರೂ ಹೋಗಲಿಲ್ಲ, ಡಿ.ಎನ್.ಎ. ಎಂದು ಈಗ ಶಾಲೆಯ ಹುಡುಗರೂ ಬಲ್ಲ ಆಮ್ಲವನ್ನು ಮುರಿಯುವ ರಸವನ್ನು ಹಾಕಿದೊಡನೆ ಹೋಯಿತು. ಅರುವತ್ತು ಕೋಟಿ ಪಾಲು ದ್ರವದಲ್ಲಿ ಒಂದು ಪಾಲು ಆ ವಸ್ತುವಿದ್ದರೂ ಕ್ರಿಮಿಯ ವಂಶವೇ ಬದಲಾಗುತ್ತಿತ್ತು. ೧೯೪೪ರ ಫೆಬ್ರವರಿಯಲ್ಲಿ ಈ ಲೇಖನ ಅಚ್ಚಾದಾಗ ಏವರಿಗೆ ಅರುವತ್ತಾರು ವರ್ಷ. ವಂಶಗುಣವನ್ನು ಹೊರುವುದು ಪ್ರೋಟೀನಲ್ಲ, ಡಿ.ಎನ್.ಎ. ಎಂಬುದಕ್ಕೆ ಇದು ಮೊದಲನೆಯ ಸಾಕ್ಷಿ. ವಾಟ್ಸನ್ ಮತ್ತು ಕ್ರಿಕ್ ಅದರ ರಚನೆಯನ್ನು ತಿಳಿಸಿದ್ದು ಒಂಬತ್ತು ವರ್ಷಗಳ ತರುವಾಯ. ಗ್ರಿಫಿತನು ೧೯೪೧ರಲ್ಲಿಯೇ ಲಂಡನ್ನಿನ ಮೇಲೆ ಬಿದ್ದ ಜರ್ಮನರ ಬಾಂಬಿಗೆ ಬಲಿಯಾಗಿದ್ದನು. ತಾನು ಏನನ್ನು ಕಂಡೆನೆಂಬುದು ಅವನಿಗೆ ತಿಳಿಯಲೇ ಇಲ್ಲ. ಏವರಿಯು ನೊಬೆಲ್ ಬಹುಮಾನವಿಲ್ಲದೆಯೇ ೧೯೫೫ರಲ್ಲಿ ತೀರಿಕೊಂಡನು. ಬಹುಮಾನ ಕೊಡುವವರ ಕಣ್ಣಿಗೆ ಬೀಳುವ ಕಲೆಯೇ ಬೇರೆಯೆಂದು ತೋರುತ್ತದೆ.

ಅಷ್ಟರಲ್ಲಿ ಪೆನಿಸಿಲಿನ್ ಬಂದಿತು. ಕುದುರೆಗಳ ರಕ್ತರಸದಿಂದ ಜಾತಿಜಾತಿಗೂ ಬೇರೆ ಔಷಧ ತಯಾರಿಸುತ್ತಿದ್ದ ಶಾಲೆಗಳು ಮುಚ್ಚಿದವು. ಅಮೆರಿಕದ ಸೈನಿಕರಲ್ಲಿ ನಾಲ್ಕು ಜಾತಿಗಳ ವಿರುದ್ಧ ಹೊದಿಕೆಯ ಸಕ್ಕರೆಯನ್ನೇ ಚುಚ್ಚಿ ಮೆಕ್ಲಿಯಡನೂ ಹೈಡೆಲ್‌ಬರ್ಗರನೂ ಪಡೆದ ಸತ್ಫಲವು ೧೯೪೫ರಲ್ಲಿ ಪ್ರಕಟವಾಯಿತು, ಚುಚ್ಚುಮದ್ದು ಮಾರುಕಟ್ಟೆಗೂ ಬಂದಿತು, ಕೊಳ್ಳುವವರಿಲ್ಲದೆ ಹಿಂತಿರುಗಿತು. ರೋಗ ಬಂದ ಮೇಲೆ ವಾಸಿಮಾಡುವ ಅದ್ಭುತ ಔಷಧವಿರುವಾಗ ಬಾರದಂತೆ ತಡೆಯುವ ಗೋಜೇಕೆ ಎಂದು ವೈದ್ಯರೂ ಭಾವಿಸಿದರು. ಈ ಭ್ರಮೆಯನ್ನು ಹರಿಸಿದವನು ಮೇಲೆ ಹೇಳಿದ ಆಸ್ಟ್ರಿಯನ್. ರಕ್ತಕ್ಕೆ ಕ್ರಿಮಿ ಸೇರಿದ ರೋಗಿಗಳ ಲೆಕ್ಕವನ್ನು ಜೋಡಿಸಿ ೧೯೬೪ರಲ್ಲಿ ಅವನೂ ಗೋಲ್ಡನೂ ತೋರಿಸಿದ್ದೇನೆಂದರೆ, ಕಾಯಿಲೆಯ ಮೊದಲ ಐದು ದಿನಗಳಲ್ಲಿ ಸಾಯತಕ್ಕವರನ್ನು ಪೆನಿಸಿಲಿನ್ ಸಹ ಉಳಿಸಿಕೊಡುತ್ತಿರಲಿಲ್ಲ. ಕ್ರಿಮಿಯನ್ನು ಕೊಲ್ಲುವಷ್ಟರಲ್ಲಿ ಅದು ಬಿಟ್ಟ ವಿಷವೂ ದೇಹವು ಅದರ ಮೇಲೆ ಹೂಡಿದ ಕಾಳಗವೂ ಸೇರಿ ಮನೆಯನ್ನು ಸುಟ್ಟುಬಿಟ್ಟಿರುತ್ತಿದ್ದವು. ಹದಿನಾಲ್ಕು ಜಾತಿಗಳ ಚುಚ್ಚುಮದ್ದು ೧೯೭೭ರಲ್ಲಿಯೂ ಇಪ್ಪತ್ತಮೂರು ಜಾತಿಗಳದು ೧೯೮೩ರಲ್ಲಿಯೂ ದೊಡ್ಡವರಿಗೆ ದೊರೆತವು.

ಮಕ್ಕಳಿಗೆ? ಅದೇ ದೊಡ್ಡ ತೊಡಕು. ಎರಡು ವರ್ಷ ತುಂಬದ ಮಗುವಿನ ದೇಹವು ಬರಿಯ ಸಕ್ಕರೆಯನ್ನು ಶತ್ರುವೆಂದು ಗುರುತಿಸಿ ನೆನಪಿಟ್ಟುಕೊಳ್ಳಲಾರದು. ಸಕ್ಕರೆಯ ತುಣುಕನ್ನು ಒಂದು ಪ್ರೋಟೀನಿಗೆ ಗಂಟುಹಾಕಿ ಕೊಟ್ಟರೆ ಮಾತ್ರ ದೇಹದ ಬೇರೊಂದು ಪಡೆಯು ಎಚ್ಚತ್ತು ನೆರವಿಗೆ ಬರುತ್ತದೆ. ಆಗ ಎಳೆಗೂಸೂ ಪ್ರತಿಕಾಯವನ್ನು ತಯಾರಿಸಿಕೊಳ್ಳುತ್ತದೆ. ಈ ಗಂಟುಹಾಕುವ ವಿದ್ಯೆಯನ್ನು ಮೊಲಗಳಲ್ಲಿ ತೋರಿಸಿದವನು ಯಾರು? ಅದೇ ಏವರಿ, ಗೋಬೆಲ್ ಎಂಬ ಸಹೋದ್ಯೋಗಿಯೊಡನೆ, ೧೯೩೧ರ ವೇಳೆಗೆ. ಅದು ಸುಮಾರು ಐವತ್ತು ವರ್ಷ ಪುಸ್ತಕಗಳಲ್ಲಿ ಮಲಗಿತ್ತು. ರಾಬಿನ್ಸ್ ಮತ್ತು ಷ್ನೀರ್ಸನ್ ಎಂಬವರು ೧೯೮೦ರಲ್ಲಿ ಇನ್ನೊಂದು ಕ್ರಿಮಿಯ ವಿಷಯದಲ್ಲಿ ಅದನ್ನು ಎಬ್ಬಿಸಿದರು; ನ್ಯುಮೋಕಾಕಸಿನ ಏಳು ಜಾತಿಗಳ ವಿರುದ್ಧ ಮಕ್ಕಳ ಚುಚ್ಚುಮದ್ದು ೨೦೦೦ದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಫಲವು ಅಪೂರ್ವವಾಗಿತ್ತು. ಮಕ್ಕಳ ಮೂಗಿನಲ್ಲಿ ಕ್ರಿಮಿಗೆ ನೆಲೆ ತಪ್ಪಿದ್ದರಿಂದ ಚುಚ್ಚುಮದ್ದು ಹಾಕಿಸಿಕೊಳ್ಳದ ಅಜ್ಜಅಜ್ಜಿಯರಲ್ಲಿಯೂ ರೋಗ ಇಳಿಯಿತು. ಮೊಮ್ಮಗನನ್ನು ಮುದ್ದಿಸುವುದರಲ್ಲಿ ಎಷ್ಟು ಅಪಾಯವಡಗಿತ್ತೆಂಬುದು ಆಗ ತಿಳಿಯಿತು.

ಆದರೆ ಆ ಏಳು ಜಾತಿಗಳನ್ನು ಆರಿಸಿದ್ದು ಅಮೆರಿಕದ ಮಕ್ಕಳ ರಕ್ತವನ್ನು ನೋಡಿ. ಏಷ್ಯದಲ್ಲಿಯೂ ಆಫ್ರಿಕದಲ್ಲಿಯೂ ಬಹಳ ಹಾವಳಿಮಾಡುವ ಒಂದನೆಯ ಜಾತಿಯೂ ಐದನೆಯ ಜಾತಿಯೂ ಅದರಲ್ಲಿರಲಿಲ್ಲ. ಬೆಲೆಯಂತೂ ಬಡ ದೇಶಗಳ ಕೈಗೆಟುಕುವಂತಿರಲಿಲ್ಲ. ನಮ್ಮ ಊರುಗಳಲ್ಲಿಯೂ ಖಾಸಗಿ ವೈದ್ಯರಲ್ಲಿ ಒಂದೊಂದು ಚುಚ್ಚಿಗೆ ಸಾವಿರಾರು ರೂಪಾಯಿ ತೆತ್ತು ಹಾಕಿಸಿದವರುಂಟು, ಅವರು ಉಳ್ಳವರು. ಎಲ್ಲಿ ರೋಗ ಕಡಿಮೆಯೋ ಅಲ್ಲಿ ಮದ್ದು ಹೆಚ್ಚು, ಎಲ್ಲಿ ರೋಗ ಹೆಚ್ಚೋ ಅಲ್ಲಿ ಮದ್ದಿಲ್ಲ. ೨೦೦೯ರಲ್ಲಿ ಹತ್ತು ಜಾತಿಗಳ, ೨೦೧೦ರಲ್ಲಿ ಹದಿಮೂರು ಜಾತಿಗಳ ಚುಚ್ಚುಮದ್ದು ಬಂದಾಗ ಒಂದು, ಐದು ಇವೆರಡೂ ಸೇರಿದವು. ಭಾರತದಲ್ಲಿ ಸರಕಾರದ ಕಡೆಯಿಂದ ಇದು ಆರಂಭವಾದದ್ದು ೨೦೧೭ರಲ್ಲಿ, ಹಿಮಾಚಲ ಪ್ರದೇಶದಲ್ಲಿಯೂ ಬಿಹಾರ ಮತ್ತು ಉತ್ತರ ಪ್ರದೇಶಗಳ ಕೆಲವು ಭಾಗಗಳಲ್ಲಿಯೂ. ಕರ್ನಾಟಕವೂ ಸೇರಿದಂತೆ ದೇಶದ ಎಲ್ಲ ರಾಜ್ಯಗಳಿಗೂ ಅದು ಮುಟ್ಟಿದ್ದು ೨೦೨೧ರಲ್ಲಿ. ಅಮೆರಿಕದ ಮಗುವಿಗೂ ನಮ್ಮ ಮಗುವಿಗೂ ನಡುವೆ ಇಪ್ಪತ್ತೊಂದು ವರ್ಷ.

ಇಲ್ಲಿ ಸಂತೋಷದಿಂದ ಹೇಳಬೇಕಾದ ಮಾತೊಂದಿದೆ. ಪುಣೆಯ ಸೀರಂ ಇನ್ಸ್ಟಿಟ್ಯೂಟಿನವರು ಬಡ ದೇಶಗಳಲ್ಲಿ ಹೆಚ್ಚಾಗಿರುವ ಜಾತಿಗಳನ್ನೇ ಲೆಕ್ಕಹಾಕಿ, ೧, ೫, ೬-ಎ, ೬-ಬಿ, ೭-ಎಫ್, ೯-ವಿ, ೧೪, ೧೯-ಎ, ೧೯-ಎಫ್, ೨೩-ಎಫ್ ಎಂಬ ಹತ್ತನ್ನು ಆರಿಸಿ ನ್ಯುಮೋಸಿಲ್ ಎಂಬ ಚುಚ್ಚುಮದ್ದನ್ನು ಸಿದ್ಧಪಡಿಸಿದರು. ಪಶ್ಚಿಮ ಆಫ್ರಿಕದ ಗ್ಯಾಂಬಿಯಾ ದೇಶದ ೨,೨೫೦ ಶಿಶುಗಳಲ್ಲಿ ಅದರ ದೊಡ್ಡ ಪರೀಕ್ಷೆ ನಡೆಯಿತು. ೨೦೧೯ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆಯಿತು. ಬಡ ದೇಶಗಳಿಗೆ ಒಂದು ಚುಚ್ಚಿನ ಬೆಲೆ ಎರಡು ಡಾಲರಿನ ಆಸುಪಾಸಿಗೆ ಬಂದಿತು. ಸ್ವದೇಶಿಯೆಂದು ನಾವು ಹೆಮ್ಮೆಪಡಬಹುದು, ಪಡಬೇಕು. ಆದರೆ ಆ ಕೆಲಸಕ್ಕೆ ಹಣದ ಬೆಂಬಲ ಬಂದದ್ದು ಅಮೆರಿಕದ ಗೇಟ್ಸ್ ದತ್ತಿಯಿಂದ ಎಂಬುದನ್ನು ಮರೆಮಾಚಿದರೆ ಹೆಮ್ಮೆಯು ಜಂಬವಾದೀತು. ನಮ್ಮ ದೇಶದ ಕೋಟ್ಯಧೀಶರು ಮದುವೆಗಳಿಗೆ ಖರ್ಚುಮಾಡುವ ಹಣದ ವಿಷಯ ಇಲ್ಲಿ ಬೇಡ.

ಗೆದ್ದೆವೆಂದು ಕೂರುವಂತಿಲ್ಲ. ಗ್ರಿಫಿತನು ಇಲಿಯ ಮೈಯಲ್ಲಿ ಕಂಡದ್ದು ಪ್ರಯೋಗಶಾಲೆಯ ವಿನೋದವಲ್ಲ; ಅದು ನಮ್ಮ ಮಕ್ಕಳ ಮೂಗಿನಲ್ಲಿ ಪ್ರತಿದಿನವೂ ನಡೆಯುವ ವ್ಯಾಪಾರ. ಈ ಕ್ರಿಮಿಯು ಸಮಯ ಬಂದಾಗ ನೆರೆಯ ಕ್ರಿಮಿಗಳನ್ನು ತಾನೇ ಒಡೆದು, ಅವುಗಳಿಂದ ಚೆಲ್ಲಿದ ಡಿ.ಎನ್.ಎ. ತುಣುಕುಗಳನ್ನು ಒಳಗೆಳೆದುಕೊಂಡು ತನ್ನದರೊಡನೆ ಹೆಣೆದುಕೊಳ್ಳುತ್ತದೆ. ಹೊದಿಕೆಯ ವಿದ್ಯೆಯನ್ನು ಹೀಗೆ ಕದಿಯುವಂತೆಯೇ ಪೆನಿಸಿಲಿನ್ನಿನಿಂದ ಪಾರಾಗುವ ವಿದ್ಯೆಯನ್ನೂ ಬಾಯಿಯ ಬೇರೆ ಕ್ರಿಮಿಗಳಿಂದ ಕದ್ದಿರುತ್ತದೆ. ಪೆನಿಸಿಲಿನ್ನಿಗೆ ಮಣಿಯದ ನ್ಯುಮೋಕಾಕಸ್ ೧೯೬೭ರಲ್ಲಿ ಆಸ್ಟ್ರೇಲಿಯದಿಂದ ವರದಿಯಾಯಿತು. ೧೯೭೭ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹಲವು ಔಷಧಗಳಿಗೂ ಮಣಿಯದ ಕ್ರಿಮಿ ಮಕ್ಕಳನ್ನು ಕೊಂದಿತು. ಏಳು ಜಾತಿಗಳ ಚುಚ್ಚುಮದ್ದು ಬಂದ ಮೇಲೆ ಅಮೆರಿಕದಲ್ಲಿ ಅದರೊಳಗಿಲ್ಲದ ೧೯-ಎ ಜಾತಿಯು ತಲೆಯೆತ್ತಿತು. ಒಂದೇ ವಂಶದ ೨೪೦ ಮಾದರಿಗಳನ್ನು ದೇಶದೇಶಗಳಿಂದ ತರಿಸಿ ಡಿ.ಎನ್.ಎ.ಯನ್ನು ಪೂರ್ತಿಯಾಗಿ ಓದಿದ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯ ತಂಡವು, ಆ ವಂಶದಲ್ಲಿ ಏಳುನೂರಕ್ಕೂ ಹೆಚ್ಚು ಸಲ ಇಂಥ ಕಳ್ಳಸಾಗಣೆ ನಡೆದಿದ್ದುದನ್ನೂ ಹತ್ತು ಸಲ ಹೊದಿಕೆಯೇ ಬದಲಾಗಿದ್ದುದನ್ನೂ ೨೦೧೧ರಲ್ಲಿ ಪ್ರಕಟಿಸಿತು. ಏವರಿಗೆ ಜೀವದ ಗುಟ್ಟನ್ನು ಬಿಟ್ಟುಕೊಟ್ಟ ಗುಣವೇ ಇಂದು ಅವನ ಚುಚ್ಚುಮದ್ದಿನಿಂದ ಕ್ರಿಮಿಯನ್ನು ಪಾರುಮಾಡುತ್ತಿದೆ.

ಹೀಗಿರುವಾಗ ನಮ್ಮ ಪೇಟೆಗಳ ಔಷಧದಂಗಡಿಗಳಲ್ಲಿ ನಡೆಯುವುದನ್ನು ನೋಡಿ. ಮಗುವಿಗೆ ಮೂಗು ಸೋರಿದರೆ ಸಾಕು, ಚೀಟಿಯಿಲ್ಲದೆ ಎರಡು ದಿನದ ಆಂಟಿಬಯಾಟಿಕ್ ಕೊಂಡು, ಅರ್ಧ ಕುಡಿಸಿ ಅರ್ಧ ಬೀರುವಿನಲ್ಲಿಡುವ ವಿದ್ಯಾವಂತರೇ ಹೆಚ್ಚು. ಬಾಂಗ್ಲಾದೇಶ, ಕೆನ್ಯ, ಥೈಲೆಂಡ್ ಮೊದಲಾದ ಏಳು ದೇಶಗಳಲ್ಲಿ ಆಸ್ಪತ್ರೆ ಸೇರಿದ ಮಕ್ಕಳ ಮೇಲೆ ನಡೆದು ೨೦೧೯ರಲ್ಲಿ ಪ್ರಕಟವಾದ ದೊಡ್ಡ ಪರಿಶೋಧನೆಯಲ್ಲಿ, ಎಚ್.ಐ.ವಿ. ಸೋಂಕಿಲ್ಲದ ಮಕ್ಕಳ ತೀವ್ರ ನ್ಯುಮೋನಿಯಾದಲ್ಲಿ ನೂರಕ್ಕೆ ಸುಮಾರು ೬೧ ಪಾಲಿಗೆ ಕಾರಣ ವೈರಸುಗಳೆಂದು ತಿಳಿದುಬಂದಿತು. ಬ್ಯಾಕ್ಟೀರಿಯದ ಪಾಲು ಸುಮಾರು ೨೭. ವೈರಸಿಗೆ ಆಂಟಿಬಯಾಟಿಕ್ ಏನೂ ಮಾಡದು. ಆ ವೈರಸುಗಳಲ್ಲಿ ಆರ್.ಎಸ್.ವಿ. ಎಂಬುದು ಅಗ್ರಗಣ್ಯ. ೧೯೬೦ರ ದಶಕದಲ್ಲಿ ಅದನ್ನು ಸಾಯಿಸಿ ಮಾಡಿದ ಚುಚ್ಚುಮದ್ದು ರೋಗವನ್ನು ತಡೆಯುವ ಬದಲು ಉಲ್ಬಣಗೊಳಿಸಿ ಅಮೆರಿಕದ ಎರಡು ಶಿಶುಗಳು ಸತ್ತುಹೋದವು. ಆ ಭಯದಿಂದ ದಶಕಗಳೇ ಕಳೆದವು. ಜೀವಕೋಶವನ್ನು ಹೊಗುವ ಮುಂಚೆ ಆ ವೈರಸಿನ ಮುಖ್ಯ ಪ್ರೋಟೀನಿನ ಆಕಾರ ಹೇಗಿರುತ್ತದೆಂಬುದು ೨೦೧೩ರಲ್ಲಿ ತಿಳಿದ ಮೇಲೆಯೇ ದಾರಿ ತೆರೆದದ್ದು. ವೃದ್ಧರಿಗೂ ಗರ್ಭಿಣಿಯರಿಗೂ ಅದರ ಚುಚ್ಚುಮದ್ದು ೨೦೨೩ರಲ್ಲಿ ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಒಪ್ಪಿಗೆ ಪಡೆಯಿತು. ಇದೂ ಇಪ್ಪತ್ತೊಂದು ವರ್ಷ ಕಾಯಿಸೀತೆ?

ಪ್ರಯೋಗಶಾಲೆಯ ಮಾತು ಇಷ್ಟಿರಲಿ. ಎಕ್ಸ್‌ರೇ ಇಲ್ಲದ, ವೈದ್ಯನಿಲ್ಲದ ಹಳ್ಳಿಯಲ್ಲಿ ನ್ಯುಮೋನಿಯಾವನ್ನು ಕಂಡುಹಿಡಿಯುವುದು ಹೇಗೆ? ಪಪುವಾ ನ್ಯೂಗಿನಿಯ ಬೆಟ್ಟಗಾಡಿನಲ್ಲಿ ಕೆಲಸಮಾಡಿದ ಫ್ರಾಂಕ್ ಶಾನ್ ಎಂಬ ವೈದ್ಯನು ೧೯೮೦ರ ದಶಕದಲ್ಲಿ ಇದಕ್ಕೆ ಉತ್ತರ ಕೊಟ್ಟನು: ಉಸಿರನ್ನು ಎಣಿಸಿರಿ. ಪುಪ್ಪುಸವು ಬಿರುಸಾದಾಗ ಮಗುವು ಆಳವಾಗಿ ಉಸಿರೆಳೆಯಲಾರದೆ ಬೇಗಬೇಗ ಎಳೆಯುತ್ತದೆ. ಕೆಮ್ಮಿರುವ ಮಗುವಿಗೆ ಎರಡು ತಿಂಗಳು ತುಂಬದಿದ್ದರೆ ನಿಮಿಷಕ್ಕೆ ೬೦, ಒಂದು ವರ್ಷದೊಳಗೆ ೫೦, ಐದು ವರ್ಷದೊಳಗೆ ೪೦. ಅಷ್ಟು ಅಥವಾ ಅದಕ್ಕೆ ಮೀರಿದರೆ ನ್ಯುಮೋನಿಯಾ ಎಂದೇ ಬಗೆಯತಕ್ಕದ್ದು. ಉಸಿರೆಳೆದಾಗ ಎದೆಯ ಕೆಳಭಾಗವು ಒಳಕ್ಕೆ ಸೆಳೆದುಕೊಂಡರೆ, ಮಗು ಮೊಲೆ ಕುಡಿಯಲಾರದಾದರೆ, ಒಡನೆಯೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಶ್ವಾಸದ ಗತಿಯನ್ನೇ ನೋಡಿ ಅದನ್ನು ಐದು ಬಗೆಯಾಗಿ ವಿಂಗಡಿಸಿದ ಚರಕನು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದನೆಂದು ನಮಗೆ ತೋರುತ್ತದೆ.

ಇದನ್ನು ಕಾರ್ಯದಲ್ಲಿ ತೋರಿಸಿದವರು ನಮ್ಮ ನೆರೆಯವರೇ. ಮಹಾರಾಷ್ಟ್ರದ ಗಡಚಿರೋಲಿಯ ಕಾಡುಹಳ್ಳಿಗಳಲ್ಲಿ ಅಭಯ ಬಂಗ್, ರಾಣಿ ಬಂಗ್ ದಂಪತಿಗಳು ಹಳ್ಳಿಯ ಆರೋಗ್ಯ ಸೇವಕರಿಗೂ ಓದುಬರಹವಿಲ್ಲದ ಸೂಲಗಿತ್ತಿಯರಿಗೂ ಉಸಿರೆಣಿಸುವುದನ್ನು ಕಲಿಸಿ, ಅಗ್ಗದ ಔಷಧವನ್ನು ಕೈಗೆ ಕೊಟ್ಟರು. ಎಣಿಕೆ ಬಾರದವರಿಗೆಂದು ಮಣಿಗಳನ್ನೂ ಒಂದು ನಿಮಿಷದ ಮರಳುಗಡಿಯಾರವನ್ನೂ ಜೋಡಿಸಿದ ಸಾಧನವೊಂದನ್ನು ಮಾಡಿಕೊಟ್ಟರು. ಹೋಲಿಕೆಗೆಂದು ಇಟ್ಟುಕೊಂಡ ಹಳ್ಳಿಗಳಿಗಿಂತ ಅಲ್ಲಿ ನ್ಯುಮೋನಿಯಾದ ಶಿಶುಮರಣವು ಸುಮಾರು ಅರ್ಧಕ್ಕೆ ಇಳಿಯಿತೆಂದು ೧೯೯೦ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಸೂಲಗಿತ್ತಿಯ ಕೈಗೆ ಔಷಧ ಕೊಡುವುದೇ ಎಂದು ಮೂಗು ಮುರಿದ ವೈದ್ಯರಿಗೆ ಅಂಕಿಗಳೇ ಉತ್ತರ ಹೇಳಿದವು.

ಈಗ ಅಧಿಕಾರಿಗಳಾದ ವಾಚಕರಿಗೆ ಒಂದು ಮಾತು. ಕೇಂದ್ರ ಸರಕಾರದವರು ೨೦೧೯ರ ನವೆಂಬರಿನಲ್ಲಿ 'ಸಾನ್ಸ್' ಎಂಬ ಹೆಸರಿನ ಕಾರ್ಯಕ್ರಮವನ್ನು ಹೊರಡಿಸಿ, ಹುಟ್ಟಿದ ಸಾವಿರ ಮಕ್ಕಳಲ್ಲಿ ನ್ಯುಮೋನಿಯಾದಿಂದ ಸಾಯುವವರ ಸಂಖ್ಯೆಯನ್ನು ೨೦೨೫ರೊಳಗೆ ಮೂರಕ್ಕಿಂತ ಕೆಳಗಿಳಿಸುವುದಾಗಿ ಗುರಿಯಿಟ್ಟುಕೊಂಡರು. ಆ ಗುರಿಯ ಲೆಕ್ಕವನ್ನು ರಾಜಧಾನಿಯ ಕಡತದಲ್ಲಿಡದೆ ತಾಲ್ಲೂಕುವಾರಾಗಿ ಪ್ರಕಟಿಸಬೇಕು. ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು ಎಂದು ಮೂರು ಸಲ ಹಾಕತಕ್ಕ ಚುಚ್ಚುಮದ್ದಿನಲ್ಲಿ ಮೂರನೆಯದನ್ನು ಎಷ್ಟು ಮಕ್ಕಳಿಗೆ ಹಾಕಲಾಗಿದೆ? ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಮಕ್ಕಳ ಅಮಾಕ್ಸಿಸಿಲಿನ್ ವರ್ಷದಲ್ಲಿ ಎಷ್ಟು ದಿನ ಇಲ್ಲದೆ ಹೋಗಿತ್ತು? ಬೆರಳಿಗೆ ಸಿಕ್ಕಿಸಿ ರಕ್ತದ ಪ್ರಾಣವಾಯುವನ್ನು ಅಳೆಯುವ ಯಂತ್ರವು ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದಿತಲ್ಲ, ಮಗುವಿನ ಬೆರಳಿಗೆ ಹೊಂದುವಂಥದು ಎಷ್ಟು ಕೇಂದ್ರಗಳಲ್ಲಿದೆ? ಆಶಾ ಕಾರ್ಯಕರ್ತೆಯ ಕೈಯಲ್ಲಿ ನಿಮಿಷ ನೋಡುವ ಗಡಿಯಾರವಿದೆಯೆ? ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಮಾದರಿಗಳಲ್ಲಿ ಯಾವ ಜಾತಿಯ ಕ್ರಿಮಿ ಎಷ್ಟೆಂಬುದನ್ನು, ಗ್ರಿಫಿತನಂತೆ ಕೂತು ಬರೆದಿಡುವ ಗುಮಾಸ್ತನೊಬ್ಬನು ಎಲ್ಲಾದರೂ ಇದ್ದಾನೆಯೆ? ಈ ಐದು ಪ್ರಶ್ನೆಗಳಿಗೆ ಯಾವ ಜಿಲ್ಲೆಯ ಅಧಿಕಾರಿಗಳು ಉತ್ತರ ಕಳುಹಿಸಿದರೂ ಈ ಪುಟದಲ್ಲಿ ಅದನ್ನು ಒಂದಕ್ಷರ ಬಿಡದೆ ಪ್ರಕಟಿಸಲು ನಾವು ಸಿದ್ಧರಾಗಿದ್ದೇವೆ.